ಹೊಳೆಯ ಉಸುಕಿನ ಲೆಕ್ಕ

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವೊಂದು ಆಂಧ್ರದ ಕಾಕಿನಾಡ ಬಳಿ ದಡ ಹತ್ತಿತು. ನೆಲಕ್ಕೆ ಬಂದ ಮೇಲೆ ಇಂಥ ಮಾರುತಗಳು ಸಾಮಾನ್ಯವಾಗಿ ಬೇಗನೆ ಕಸುವು ಕಳೆದುಕೊಳ್ಳುತ್ತವೆ. ಇದು ಹಾಗಾಗಲಿಲ್ಲ. ತೆಲಂಗಾಣವನ್ನು ತೋಯಿಸಿ, ಹೈದರಾಬಾದಿನ ಬಡಾವಣೆಗಳನ್ನು ಮುಳುಗಿಸಿ, ಕಲಬುರಗಿ ಮತ್ತು ಸೊಲ್ಲಾಪುರ ಸೀಮೆಯ ಮೇಲೆ ಮಳೆ ಸುರಿಸುತ್ತ ಅರಬ್ಬಿ ಸಮುದ್ರದತ್ತ ಸಾಗಿತು. ಕಾಕಿನಾಡದಿಂದ ಐನೂರು ಕಿಲೋಮೀಟರಿಗೂ ದೂರದಲ್ಲಿರುವ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆಸಾಲಿನ ಹಳ್ಳಿಗಳಿಗೆ ಭೀಮಾ ನದಿ ನುಗ್ಗಿದ್ದು ಆ ವಾರದಲ್ಲೇ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು, ಅದರ ಕೆಳಗೆ ಸೇರುವ ನೀರಾ, ಮಾಣ, ಸೀನಾ, ಬೋರಿ ನದಿಗಳ ನೀರು, ಮೇಲಿಂದ ಬಿದ್ದ ಮಳೆ ಎಲ್ಲವೂ ಕೂಡಿ ಸೊನ್ನ ಬ್ಯಾರೇಜಿನ ಗೇಟುಗಳನ್ನು ದಾಟಿ ಲಕ್ಷಾಂತರ ಕ್ಯೂಸೆಕ್ ಹರಿಯಿತು. ನೆರೆ ಇಳಿದ ಮೇಲೆ ಬಿದ್ದ ಮನೆ, ಕೊಳೆತ ತೊಗರಿ, ಮಲಗಿದ ಕಬ್ಬು, ಉರುಳಿದ ಕರೆಂಟಿನ ಕಂಬ, ಕೊಚ್ಚಿಹೋದ ರಸ್ತೆಗಳ ಸಮೀಕ್ಷೆ ಆಯಿತು. ಹೊಳೆ ತಿಂದ ಹೊಲಕ್ಕೂ ವಿಪತ್ತು ಪರಿಹಾರ ನಿಧಿಯಲ್ಲಿ ಒಂದು ದರವಿದೆ. 2022ರಿಂದ ಜಾರಿಗೆ ಬಂದ ಮಾನದಂಡದ ಪ್ರಕಾರ ಸಣ್ಣ ಹಿಡುವಳಿದಾರರಿಗೆ ಅದು ಹೆಕ್ಟೇರಿಗೆ 47,000 ರೂಪಾಯಿ. ಆದರೆ ಆ ಹೊಲವನ್ನು ಅಷ್ಟು ಕಾಲ ಹಿಡಿದು ನಿಲ್ಲಿಸಿದ್ದು ಯಾವುದು, ಅದು ಈಗ ಎಷ್ಟು ಉಳಿದಿದೆ ಎಂಬ ಪ್ರಶ್ನೆಗೆ ಸಮೀಕ್ಷೆಯ ನಮೂನೆಯಲ್ಲಿ ಅಂಕಣವಿಲ್ಲ. ಈ ಅಧ್ಯಾಯದ ವಾದ ಇಷ್ಟೇ: ಹೊಳೆಯ ದಂಡೆಯನ್ನು ಮೊಟ್ಟಮೊದಲು ಕಾಯುವುದು ಪಾತ್ರದೊಳಗಿನ ಉಸುಕು. ಆದ್ದರಿಂದ ದಂಡೆ ರಿಪೇರಿಗೆ ಎಂಜಿನಿಯರರನ್ನು ಕರೆಸುವ ಊರು, ಎಷ್ಟು ಮೀಟರ್ ತಡೆಗೋಡೆ ಕಟ್ಟುತ್ತೀರಿ ಎಂದು ಕೇಳುವುದಕ್ಕೆ ಮುಂಚೆ ಉಸುಕಿನ ಜಮಾಖರ್ಚನ್ನು ಕೇಳಬೇಕು.

ಕಡಲ ದಂಡೆಯಲ್ಲಿ ಈ ಮಾತು ಹೊಸದಲ್ಲ. ಅಲೆಯಿಂದ ಸ್ವಲ್ಪ ಹಿಂದೆ, ಗಾಳಿ ತಂದು ಗುಡ್ಡೆಹಾಕಿದ ಮರಳ ದಿಬ್ಬ ಬರಿಯ ಅಲಂಕಾರಕ್ಕೆ ನಿಂತಿರುವುದಲ್ಲ. ಒಣ ಮರಳ ಕಣಗಳು ಗಾಳಿಗೆ ಕುಪ್ಪಳಿಸುತ್ತ ಸಾಗುತ್ತವೆ. ನೆಲಕ್ಕೆ ಉಜ್ಜುವ ಗಾಳಿಯ ವೇಗ ಎರಡರಷ್ಟಾದರೆ ಸಾಗುವ ಮರಳು ಎರಡರಷ್ಟಲ್ಲ, ಹತ್ತಿರಹತ್ತಿರ ಎಂಟರಷ್ಟಾಗುತ್ತದೆ ಎಂಬುದನ್ನು ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್ 1941ರ ತನ್ನ ಪುಸ್ತಕದಲ್ಲಿ ವಿವರಿಸಿದ. ಹಾಗೆ ಓಡುವ ಮರಳನ್ನು ಅಡುಂಬು ಬಳ್ಳಿ, ರಾವಣನ ಮೀಸೆ ಹುಲ್ಲಿನಂಥ ಗಿಡಗಳು ತಡೆದು ದಿಬ್ಬ ಮಾಡುತ್ತವೆ. ಬಿರುಗಾಳಿ ಬಂದಾಗ ಅಲೆ ದಿಬ್ಬದ ಬುಡವನ್ನು ಕಡಿದು ಆ ಮರಳನ್ನು ತುಸು ದೂರದ ನೀರಿನಲ್ಲಿ ಹಾಸುತ್ತದೆ. ಅಲ್ಲಿ ನೀರು ತೆಳುವಾಗಿ ಮುಂದಿನ ಅಲೆಗಳು ದಡಕ್ಕೆ ಬರುವ ಮೊದಲೇ ಒಡೆಯುತ್ತವೆ. ಮಳೆಗಾಲ ಕಳೆದ ಮೇಲೆ ಶಾಂತ ಅಲೆಗಳು ಅದೇ ಮರಳನ್ನು ಮೆಲ್ಲನೆ ದಡಕ್ಕೆ ಮರಳಿಸುತ್ತವೆ. ಹೀಗೆ ದಿಬ್ಬವು ಸಂಕಟ ಬಂದಾಗ ಖರ್ಚಾಗಿ, ಸುದಿನದಲ್ಲಿ ಮತ್ತೆ ತುಂಬಿಕೊಳ್ಳುವ ಇಡುಗಂಟು. ಕರಾವಳಿ ನಿಯಂತ್ರಣ ವಲಯದ ಕಾನೂನು ಮರಳ ದಿಬ್ಬಗಳನ್ನು ಅತ್ಯಂತ ಸೂಕ್ಷ್ಮವೆಂದು ಗುರುತಿಸಿದ ಒಂದನೇ ವರ್ಗಕ್ಕೆ ಸೇರಿಸಿರುವುದು ಈ ಕಾರಣಕ್ಕೆ. ದಿಬ್ಬ, ಮರಳು ಎರಡೂ ಕಡಿಮೆಯಾದ ಕಡೆ ಎಂಜಿನಿಯರರನ್ನು ಕರೆಸಬೇಕಾಗುತ್ತದೆ. ನೇತ್ರಾವತಿ–ಗುರುಪುರ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಆದದ್ದು ಅದೇ. ವರ್ಷ ವರ್ಷವೂ ಕಲ್ಲು ಸುರಿದು ಸಾಕಾಗಿ, ಏಷ್ಯಾ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಮಂಜೂರು ಮಾಡಿದ ಕರಾವಳಿ ರಕ್ಷಣಾ ಕಾರ್ಯಕ್ರಮದಡಿ ಅಲ್ಲಿ ನೀರಿನೊಳಗಿನ ಕೃತಕ ದಿಣ್ಣೆಗಳನ್ನು ಕಟ್ಟಿದರು, ಅಲೆತಡೆಗಳನ್ನು ದುರಸ್ತಿ ಮಾಡಿದರು, ಕಡಲತೀರಕ್ಕೆ ಮರಳು ತುಂಬುವ ಯೋಜನೆ ಹಾಕಿದರು. ಅದರ ದಕ್ಷಿಣಕ್ಕೆ ಸೋಮೇಶ್ವರ, ಉಚ್ಚಿಲದ ಕಡೆ ಕೊರೆತದ ಸುದ್ದಿ ಇನ್ನೂ ನಿಂತಿಲ್ಲ. ಆದರೂ ಯೋಚನೆಯ ದಿಕ್ಕು ಬದಲಾಗಿದೆ. ಕಡಲು ಎಷ್ಟು ಮರಳನ್ನು ತರುತ್ತದೆ, ಎಷ್ಟನ್ನು ಒಯ್ಯುತ್ತದೆ ಎಂಬ ಲೆಕ್ಕವೂ ಈಗ ಅಲ್ಲಿಯ ಚರ್ಚೆಯ ಭಾಗವಾಗಿದೆ.

ಭೀಮೆಯ ದಂಡೆಗೆ ಕಡಲಿನ ಈ ತಿಳಿವಳಿಕೆ ಒಪ್ಪುತ್ತದೆಯೇ? ನೋಡಲು ಎರಡೂ ಬೇರೆ. ಇಲ್ಲಿ ಅಲೆಯಿಲ್ಲ, ಉಬ್ಬರವಿಳಿತವಿಲ್ಲ, ದಂಡೆ ಮರಳಿನದಲ್ಲ, ಎರೆಮಣ್ಣಿನದು. ಆದ್ದರಿಂದ ಆ ದಂಡೆಯನ್ನು ಹತ್ತಿರದಿಂದ ನೋಡೋಣ. ನೆರೆ ಇಳಿದ ಮೇಲೆ ಅಫಜಲಪುರ ಅಥವಾ ಜೇವರ್ಗಿ ಕಡೆ ಕುಸಿದ ದಂಡೆಯೊಂದರ ಮುಖವನ್ನು ನೋಡಿದರೆ ಅದು ಒಂದೇ ಹೆಂಟೆಯಲ್ಲ, ಪದರ ಪದರ. ಮೇಲೆ ಎರಡು ಮೂರು ಮೀಟರ್ ಕಪ್ಪು ಎರೆಮಣ್ಣು, ಅದರಲ್ಲಿ ನೆಟ್ಟಗೆ ಇಳಿದ ಬಿರುಕುಗಳು, ಅಂಚಿನಲ್ಲಿ ಗಾಳಿಗೆ ತೂಗುವ ಜಾಲಿಯ ಬೇರು. ಅದರ ಕೆಳಗೆ ಸುಣ್ಣದ ಹರಳು ಬೆರೆತ ಹಳದಿ ಮಣ್ಣು. ಬುಡದಲ್ಲಿ, ನೀರಿನ ಮಟ್ಟಕ್ಕೆ, ಹಳೆಯ ಹೊಳೆ ಹಾಸಿಹೋದ ಉಸುಕು ಮತ್ತು ಗರಸು. ಈ ಬುಡದ ಪದರವೇ ಇಡೀ ದಂಡೆಯ ಗುಟ್ಟು. ಸ್ವೀಡನ್ನಿನ ಭೂಗೋಳ ವಿಜ್ಞಾನಿ ಫಿಲಿಪ್ ಯೂಲ್‌ಸ್ಟ್ರೋಮ್ 1935ರಲ್ಲಿ ಒಂದು ರೇಖಾಚಿತ್ರ ಬರೆದು, ಯಾವ ಗಾತ್ರದ ಕಣವನ್ನು ಎಬ್ಬಿಸಲು ನೀರಿಗೆ ಎಷ್ಟು ವೇಗ ಬೇಕು ಎಂದು ತೋರಿಸಿದ. ಅದರಲ್ಲಿ ಮೊದಲ ನೋಟಕ್ಕೆ ತಲೆಕೆಳಗೆನಿಸುವ ಒಂದು ಸಂಗತಿಯಿದೆ. ನುಣ್ಣನೆಯ ಜೇಡಿಯನ್ನು ಕೀಳುವುದಕ್ಕಿಂತ ಅರೆ ಮಿಲಿಮೀಟರಿಗೂ ಚಿಕ್ಕದಾದ ಉಸುಕನ್ನು ಕೀಳುವುದು ನೀರಿಗೆ ಸುಲಭ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಉಸುಕಿನವು ಬಿಡಿಬಿಡಿ. ಹಾಗಾಗಿ ಹೊಳೆ ದಂಡೆಯನ್ನು ಮೇಲಿಂದ ಸವೆಸುವುದಿಲ್ಲ. ಬುಡದ ಉಸುಕನ್ನು ಒಳಗಿನಿಂದ ಎಳೆದುಕೊಳ್ಳುತ್ತದೆ. ಬುಡ ಟೊಳ್ಳಾದ ಮೇಲೆ ಎರೆಮಣ್ಣಿನ ಹಲಗೆ ತನ್ನ ಭಾರಕ್ಕೇ ಬಿರುಕಿನ ಗುಂಟ ಕಿತ್ತು ಬೀಳುತ್ತದೆ.

ಬೀಳುವ ಹೊತ್ತು ಕೂಡ ನಾವು ಊಹಿಸುವಂಥದ್ದಲ್ಲ. ನೆರೆ ತುಂಬಿ ಹರಿಯುವಾಗ ನೀರಿನ ಒತ್ತಡವೇ ದಂಡೆಯ ಮೈಗೆ ಆತು ಅದನ್ನು ಹಿಡಿದಿರುತ್ತದೆ. ಆ ಹೊತ್ತಿಗೆ ಎರೆಮಣ್ಣು ನೀರು ಕುಡಿದು ಉಬ್ಬಿ ತೂಕ ಹೆಚ್ಚಿಸಿಕೊಂಡಿರುತ್ತದೆ. ಮೇಲಿನ ಗೇಟುಗಳು ಮುಚ್ಚಿ ಹೊಳೆ ಒಂದೆರಡು ದಿನದಲ್ಲೇ ಗಬಕ್ಕನೆ ಇಳಿದರೆ ಹೊರಗಿನ ಆಸರೆ ಹೋಗುತ್ತದೆ, ಒಳಗಿನ ನೀರು ಮಾತ್ರ ಹಾಗೇ ಉಳಿಯುತ್ತದೆ. ಎರೆಮಣ್ಣು ನೀರನ್ನು ಬಿಟ್ಟುಕೊಡುವುದು ಬಹಳ ನಿಧಾನ. ಒಳಗಿನ ಆ ಒತ್ತಡ ಕಣಗಳ ಹಿಡಿತವನ್ನು ಸಡಿಲಿಸಿ ದಂಡೆಯನ್ನು ಹೊರಕ್ಕೆ ತಳ್ಳುತ್ತದೆ. ಆದ್ದರಿಂದಲೇ ನೆರೆಯ ರಾತ್ರಿ ಗಟ್ಟಿಯಾಗಿ ನಿಂತ ಹೊಲದ ಅಂಚು, ಹೊಳೆ ಶಾಂತವಾಗಿ, ಎಲ್ಲ ಮುಗಿಯಿತು ಎಂದು ಜನ ಉಸಿರುಬಿಡುವಾಗ ಪಂಪ್‌ಸೆಟ್ಟಿನ ಸಮೇತ ಕುಸಿಯುವುದು. ಬುಡದಲ್ಲಿ ಉಸುಕಿನ ದಿಣ್ಣೆ ಒರಗಿ ನಿಂತಿದ್ದರೆ ಎರಡು ಲಾಭ. ಅದು ದಂಡೆಯ ಪಾದಕ್ಕೆ ತೂಕ ಕೊಟ್ಟು ಜಾರುವುದನ್ನು ತಡೆಯುತ್ತದೆ, ಒಳಗಿನ ನೀರು ಸೋಸಿ ಹೊರಬರಲು ದಾರಿಯನ್ನೂ ಕೊಡುತ್ತದೆ. ಕಡಲತೀರದ ದಿಬ್ಬ ಅಲೆಯನ್ನು ತಡೆದು ಮಾಡುವ ಕೆಲಸವನ್ನು ಇಲ್ಲಿ ಪಾದದ ಉಸುಕು ಭಾರ ಹೊತ್ತು, ನೀರು ಬಸಿದು ಮಾಡುತ್ತದೆ. ವ್ಯತ್ಯಾಸವಿರುವುದು ಬೇರೊಂದರಲ್ಲಿ, ಮತ್ತು ಅದು ಹೊಳೆಸಾಲಿನವರಿಗೆ ಪ್ರತಿಕೂಲವಾಗಿದೆ. ಕಡಲು ಒಯ್ದ ಮರಳಲ್ಲಿ ಒಂದು ಪಾಲನ್ನಾದರೂ ವಾಪಸು ತರುತ್ತದೆ. ಹೊಳೆಗೆ ಹಿಂದಕ್ಕೆ ಹರಿಯಲು ಬರುವುದಿಲ್ಲ. ಕೆಳಗೆ ಹೋದ ಉಸುಕಿನ ಜಾಗಕ್ಕೆ ಮೇಲಿನಿಂದ ಹೊಸದು ಬಂದರಷ್ಟೇ ಲೆಕ್ಕ ಸರಿಹೋಗುತ್ತದೆ.

ಮೇಲಿನಿಂದ ಬರುವುದು ಎಷ್ಟು? ಇಲ್ಲಿ ಮೂರು ತಾಲ್ಲೂಕುಗಳನ್ನು ಒಂದೇ ಸರಪಣಿಯಾಗಿ ನೋಡಬೇಕು. ಆಳಂದ ಭೀಮೆಯ ದಂಡೆಯ ಮೇಲಿಲ್ಲ. ಆದರೆ ಅಲ್ಲಿಯ ಮಡ್ಡಿ, ಹೊಲ, ಹಳ್ಳಗಳ ನೀರು ಅಮರ್ಜೆಯಾಗಿ ಹರಿದು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಗೆ ಸೇರುತ್ತದೆ. ದತ್ತಾತ್ರೇಯ ಕ್ಷೇತ್ರಕ್ಕೆ ಬರುವ ಸಾವಿರಾರು ಭಕ್ತರು ಮೀಯುವುದು ಆ ಸಂಗಮದಲ್ಲೇ. ಆಳಂದ, ಅಫಜಲಪುರದ ನೆಲದಡಿ ಇರುವುದು ದಖನ್ನಿನ ಕಪ್ಪು ಕಲ್ಲು, ಅಂದರೆ ಬಸಾಲ್ಟ್. ಗ್ರಾನೈಟಿನಲ್ಲಿ ಇರುವಂತೆ ಬಸಾಲ್ಟಿನಲ್ಲಿ ಬೆಣಚಿನ ಹರಳುಗಳಿಲ್ಲ. ಗ್ರಾನೈಟ್ ಶಿಥಿಲವಾದರೆ ಬೆಣಚು ಗಟ್ಟಿ ಉಸುಕಾಗಿ ಉಳಿಯುತ್ತದೆ, ಬಸಾಲ್ಟ್ ಶಿಥಿಲವಾದರೆ ಬಹುಪಾಲು ಜೇಡಿಯಾಗುತ್ತದೆ. ಎರೆಭೂಮಿ ಹುಟ್ಟಿದ್ದೇ ಹಾಗೆ. ಕಲ್ಲಿನ ಚೂರು, ಸುಣ್ಣದ ಹರಳು, ಕಲ್ಲಿನ ಪೊಟರೆಗಳಲ್ಲಿ ಬೆಳೆದ ಬಿಳಿಹರಳುಗಳ ಪುಡಿ ಇವೇ ಈ ಸೀಮೆಯ ಹಳ್ಳಗಳು ಕೊಡಬಲ್ಲ ಉಸುಕು. ಅದು ನಿಧಾನದ ಉತ್ಪತ್ತಿ. ಆಳಂದದ ಹೊಲಗಳಿಂದ ಮಣ್ಣು ಕೊಚ್ಚಿಹೋಗುತ್ತಿದೆಯಲ್ಲ, ಅದು ಹೊಳೆಗೆ ಜಮಾ ಆಗುವುದಿಲ್ಲವೇ ಎಂದು ಕೇಳಬಹುದು. ಆಗುವುದಿಲ್ಲ. ಕಾಲು ಮಿಲಿಮೀಟರಿನ ಉಸುಕಿನ ಕಣ ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಅರ್ಧ ನಿಮಿಷ ಸಾಕು, ಎರಡು ಮೈಕ್ರಾನಿನ ಜೇಡಿಯ ಕಣಕ್ಕೆ ಮೂರು ದಿನ ಬೇಕು. ಹರಿಯುವ ನೆರೆಯಲ್ಲಿ ಜೇಡಿ ತಳ ಕಾಣುವುದೇ ಇಲ್ಲ, ರಾಡಿಯಾಗಿ ರಾಯಚೂರಿನ ಕಡೆಗೆ, ಕೃಷ್ಣೆಗೆ ಹೊರಟುಬಿಡುತ್ತದೆ. ಹೀಗೆ ಹೊಲಕ್ಕೆ ಅದು ನಷ್ಟ, ದಂಡೆಗೆ ಲಾಭವಿಲ್ಲ. ಇನ್ನು ಅಮರ್ಜೆಗೆ ಆಳಂದ ತಾಲ್ಲೂಕಿನ ಕೊರಳ್ಳಿ ಬಳಿಯೇ ಅಣೆಕಟ್ಟಿದೆ. ಅದರ ಮೇಲಿನ ಹಳ್ಳಗಳು ತಂದ ಒರಟು ಉಸುಕು ಜಲಾಶಯದ ಬಾಯಲ್ಲೇ ಕೂರುತ್ತದೆ.

ಭೀಮೆಯ ಮುಖ್ಯ ಪಾತ್ರದ ಕಥೆಯೂ ಬೇರೆಯಲ್ಲ. ಭೀಮಾಶಂಕರದಲ್ಲಿ ಹುಟ್ಟಿ 861 ಕಿಲೋಮೀಟರ್ ಹರಿಯುವ ಈ ನದಿಗೆ 1980ರಲ್ಲಿ ಮುಗಿದ ಉಜನಿ ಒಂದು ದೊಡ್ಡ ಬಾಗಿಲು. ಅದರ ಹಿಂದೆ ಪುಣೆ ಕಡೆಯ ಘಟ್ಟದ ಉಸುಕು ನಿಂತಿತು. ಕೆಳಗೆ ಕರ್ನಾಟಕದಲ್ಲಿ ಸೊನ್ನ ಬ್ಯಾರೇಜು, ಘತ್ತರಗಿ ಮತ್ತು ಗಾಣಗಾಪುರದ ಸೇತುವೆ-ಬ್ಯಾರೇಜುಗಳು, ಕಲಬುರಗಿ ನಗರಕ್ಕೆ ನೀರು ಕೊಡುವ ಸರಡಗಿ ಬ್ಯಾರೇಜು. ಇವುಗಳ ಉಪಕಾರವನ್ನು ಅಲ್ಲಗಳೆಯುವುದು ಅನ್ಯಾಯ. ಬೇಸಿಗೆಯಲ್ಲಿ ಬರಿದಾಗುವ ಹೊಳೆಯಲ್ಲಿ ಕುಡಿಯಲು, ಕಬ್ಬಿಗೆ, ತೊಗರಿಗೆ ಸಿಗುವ ನೀರು ಈ ಕಟ್ಟೆಗಳದ್ದೇ. ಆದರೆ ನೀರು ನಿಂತ ಕಡೆ ಉಸುಕು ಇಳಿಯುತ್ತದೆ. ಗೇಟು ತೆರೆದಾಗ ತಳದ ಸ್ವಲ್ಪ ಉಸುಕು ಹೊರಡುವುದೂ ಉಂಟು, ಉಳಿದದ್ದು ಕಟ್ಟೆಯ ಹಿಂದೆಯೇ ಕೂಡುತ್ತದೆ. ಹೊರೆ ಇಳಿಸಿ ಹಗುರಾಗಿ ಹೊರಬಿದ್ದ ನೀರಿಗೆ ಸಾಗಿಸುವ ಶಕ್ತಿ ಮಿಕ್ಕಿರುತ್ತದೆ. ಆ ಶಕ್ತಿಯನ್ನು ಅದು ಕೆಳಗಿನ ತಳದ ಮೇಲೆ, ದಂಡೆಯ ಬುಡದ ಮೇಲೆ ತೀರಿಸಿಕೊಳ್ಳುತ್ತದೆ. ಅಮೆರಿಕದ ನದಿತಜ್ಞ ಮಥಾಯಸ್ ಕೊಂಡಾಲ್ಫ್ 1997ರಲ್ಲಿ ಇದನ್ನು ‘ಹಸಿದ ನೀರು’ ಎಂದು ಕರೆದ. ಸರಪಣಿಯ ಕೊನೆಯಲ್ಲಿರುವ ಜೇವರ್ಗಿಗೆ ಈ ಹಸಿವು ಅತ್ಯಂತ ನೇರವಾಗಿ ತಟ್ಟಬೇಕು ಎಂಬುದು ಇದರಿಂದ ಹೊರಡುವ ತರ್ಕ.

ಇಷ್ಟರ ಮೇಲೆ ಗಣಿಗಾರಿಕೆ. ಅಫಜಲಪುರ, ಜೇವರ್ಗಿ ಹೊಳೆಯಿಂದ ಉಸುಕು ಸಾಗಿಸುವ ಟ್ರಾಕ್ಟರು, ಟಿಪ್ಪರುಗಳು ಯಾರಿಗೂ ಹೊಸ ನೋಟವಲ್ಲ. 2023ರ ಜೂನ್‌ನಲ್ಲಿ ಜೇವರ್ಗಿ ತಾಲ್ಲೂಕಿನಲ್ಲಿ ಅಕ್ರಮ ಉಸುಕಿನ ಟ್ರಾಕ್ಟರನ್ನು ತಡೆಯಲು ಹೋದ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಒಬ್ಬರು ಅದರಡಿ ಸಿಕ್ಕಿ ಪ್ರಾಣ ಬಿಟ್ಟರು. ಆ ಸಾವಿನ ಮುಂದೆ ಘನ ಮೀಟರುಗಳ ಮಾತು ಸಣ್ಣದು. ಆದರೂ ಲೆಕ್ಕ ಹಾಕಲೇಬೇಕು, ಏಕೆಂದರೆ ಅಕ್ರಮವೆಂಬ ಪದ ಚರ್ಚೆಯನ್ನು ಪೊಲೀಸ್ ಠಾಣೆಗೆ ಸೀಮಿತಗೊಳಿಸಿ, ಹೊಳೆಯ ಲೆಕ್ಕವನ್ನು ಮರೆಸಿಬಿಡುತ್ತದೆ. ಒಂದು ಕಿಲೋಮೀಟರ್ ಉದ್ದದ ದಂಡೆ, ಎತ್ತರ 4 ಮೀಟರ್, ಅದು 3 ಮೀಟರ್ ಹಿಂದೆ ಸರಿಯಿತು ಎಂದಿಟ್ಟುಕೊಳ್ಳಿ. ಹೋದದ್ದು 12,000 ಘನ ಮೀಟರ್ ಮಣ್ಣು, ಸುಮಾರು 30 ಗುಂಟೆ ಹೊಲ. ಮೇಲೆ ಹೇಳಿದ ಸರಕಾರಿ ದರದಲ್ಲಿ ಅದಕ್ಕೆ ಸಿಗುವ ಪರಿಹಾರ ಎಲ್ಲ ರೈತರಿಗೂ ಕೂಡಿ 14,000 ರೂಪಾಯಿ ಚಿಲ್ಲರೆ. ಅದೇ ಒಂದು ಕಿಲೋಮೀಟರಿನ ಪಾದದಲ್ಲಿ 6 ಮೀಟರ್ ಅಗಲ, 2 ಮೀಟರ್ ದಪ್ಪದ ಉಸುಕಿನ ಪಟ್ಟಿ ಇದ್ದಿದ್ದರೆ ಅದೂ 12,000 ಘನ ಮೀಟರೇ. ಟ್ರಾಲಿಗೆ 3 ಘನ ಮೀಟರಿನಂತೆ ನಾಲ್ಕು ಸಾವಿರ ಟ್ರಿಪ್. ಹತ್ತು ಟ್ರಾಕ್ಟರು ದಿನಕ್ಕೆ ನಾಲ್ಕು ಸಲ ಬಂದರೆ ನೂರು ದಿನದಲ್ಲಿ ಪಾದ ಬರಿದು. ಉಸುಕು ತೆಗೆಯುವವನೂ ಹೊಲ ಕಳೆದುಕೊಳ್ಳುವವನೂ ಒಂದೇ ಊರಿನವರಾಗಿರಬಹುದು, ಕೆಲವೊಮ್ಮೆ ಒಂದೇ ಮನೆಯವರೂ. ಕೂಲಿಗೆ ಬೇರೆ ದಾರಿಯಿಲ್ಲದ ಬೇಸಿಗೆಯಲ್ಲಿ ಒಂದು ಟ್ರಾಲಿ ಉಸುಕು ರೊಕ್ಕವಾಗಿ ಕಾಣುತ್ತದೆ, ದಂಡೆಯಾಗಿ ಕಾಣುವುದಿಲ್ಲ.

ಹಾಗಾದರೆ ಮನೆ ಕಟ್ಟಲು ಉಸುಕು ಬೇಡವೇ? ಇದು ಹಗುರವಾದ ಆಕ್ಷೇಪವಲ್ಲ. ನೆರೆಯಲ್ಲಿ ಬಿದ್ದ ಮನೆಯನ್ನೇ ಮತ್ತೆ ಕಟ್ಟಲು ಉಸುಕು ಬೇಕು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಈಗ ಕಾಂಕ್ರೀಟಿಗೆ ಸಲ್ಲುತ್ತದೆ ಎಂಬುದು ನಿಜ, ಆದರೆ ಕ್ರಷರ್ ದೂರವಿದ್ದರೆ ಬಡವನ ಮನೆಗೆ ಅದು ದುಬಾರಿ. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಮರಳು ಗಣಿಗಾರಿಕೆಯ ಮಾರ್ಗಸೂಚಿ ತೆಗೆಯಲೇಬಾರದು ಎನ್ನುವುದಿಲ್ಲ. ಜಿಲ್ಲೆಗೊಂದು ಸಮೀಕ್ಷಾ ವರದಿ ಇರಲಿ, ಮಳೆಗಾಲದಲ್ಲಿ ಎಷ್ಟು ತುಂಬಿಕೊಂಡಿತೆಂದು ಅಳೆದು ಅದರೊಳಗೆ ತೆಗೆಯಿರಿ, 3 ಮೀಟರಿಗಿಂತ ಆಳ ಹೋಗಬೇಡಿ ಎನ್ನುತ್ತದೆ. ತತ್ವ ಸರಿಯಾಗಿದೆ. ನನ್ನ ತಕರಾರು ಅಳತೆಯ ಜಾಗದ ಬಗ್ಗೆ. ಬಸಾಲ್ಟಿನ ಸೀಮೆಯಲ್ಲಿ, ಮೇಲೆ ಅಣೆಕಟ್ಟುಗಳಿರುವ ಹೊಳೆಯಲ್ಲಿ, ತುಂಬಿಕೊಳ್ಳುವ ಉಸುಕಿನ ಬಹುಪಾಲು ಬ್ಯಾರೇಜುಗಳ ಹಿಂದಿದೆ. ತೆಗೆಯುವುದು ಅಲ್ಲಿಂದಾದರೆ ಕಟ್ಟೆಯ ಹೊಟ್ಟೆಯೂ ಖಾಲಿಯಾಗಿ ನೀರಿಗೆ ಜಾಗವಾಗುತ್ತದೆ. ಬ್ಯಾರೇಜಿನ ಕೆಳಗಿನ, ಹಸಿದ ನೀರು ಹರಿಯುವ ಹರವಿನಿಂದ ಒಂದು ಟ್ರಾಲಿಯನ್ನೂ ತೆಗೆಯಬಾರದು. ಗುತ್ತಿಗೆಯ ಬ್ಲಾಕುಗಳನ್ನು ಗುರುತಿಸುವಾಗ ಈ ಒಂದು ಭೇದವನ್ನು ಪಾಲಿಸಿದರೂ ಕಟ್ಟಡಕ್ಕೆ ಉಸುಕು ನಿಲ್ಲುವುದಿಲ್ಲ, ದಂಡೆಯ ಪಾದವೂ ಉಳಿಯುತ್ತದೆ.

ಎರಡನೆಯ ಆಕ್ಷೇಪ ಇನ್ನೂ ತುರ್ತಿನದು. ಮನೆ ಮುಂದಿನ ಮಳೆಗೆ ಬೀಳುವಂತಿದೆ, ನೀವು ಉಸುಕಿನ ಲೆಕ್ಕ ಹೇಳುತ್ತೀರಿ, ನಮಗೆ ಗೋಡೆ ಕೊಡಿ ಎಂದು ಹೊಳೆಸಾಲಿನವರು ಕೇಳಿದರೆ ಅದು ಅವರ ಹಕ್ಕು. ಕೆಲವು ಕಡೆ ಗೋಡೆಯೇ ಸರಿ. ಗಾಣಗಾಪುರದ ಸಂಗಮದ ಮೆಟ್ಟಿಲು, ಘತ್ತರಗಿಯ ಭಾಗ್ಯವಂತಿ ಗುಡಿಯ ಮುಂಭಾಗ, ಕಲಬುರಗಿ–ಜೇವರ್ಗಿ ಹೆದ್ದಾರಿಯ ಕಟ್ಟಿಸಂಗಾವಿ ಸೇತುವೆಯ ಬದಿ, ದಂಡೆಯಿಂದ ಕೂಗಳತೆಯೊಳಗಿರುವ ಓಣಿ, ಇವುಗಳನ್ನು ಸರಿಸಲಾಗದು. ಅಲ್ಲಿ ಕಲ್ಲಿನ ಪಿಚಿಂಗ್, ತಂತಿಬಲೆಯ ಗೇಬಿಯನ್ ಬೇಕು. ಕಟ್ಟುವುದಿದ್ದರೆ ಪಾದವನ್ನು ಹೊಳೆ ಕೊರೆಯಬಹುದಾದ ಆಳದವರೆಗೆ ಇಳಿಸಬೇಕು ಇಲ್ಲವೇ ಮುಂದಕ್ಕೆ ಕಲ್ಲಿನ ಹಾಸು ಚಾಚಬೇಕು, ತಳ ಕುಸಿದರೆ ಆ ಹಾಸೇ ಜಾರಿ ಗುಂಡಿಯನ್ನು ಮುಚ್ಚಿಕೊಳ್ಳುವಂತಿರಬೇಕು. ಹಿಂದಿನ ಎರೆಮಣ್ಣು ನೀರು ಬಿಡಲು ಸೋಸುಪದರ ಮತ್ತು ರಂಧ್ರಗಳು ಬೇಕು. ಇವಿಲ್ಲದ ಸಿಮೆಂಟ್ ಗೋಡೆ ಹೊಳೆಯಿಂದಲ್ಲ, ಹಿಂದಿನಿಂದ ಎರೆಮಣ್ಣು ತಳ್ಳಿದ ಒತ್ತಡದಿಂದ ಮಗುಚಿಕೊಳ್ಳುತ್ತದೆ. ಆದರೆ ಇಡೀ ಹೊಳೆಗೆ ಗೋಡೆ ಎಂಬುದು ಬೇರೆ ಮಾತು. ಗಡುಸಾದ ಗೋಡೆ ಮುಗಿಯುವ ತುದಿಯಲ್ಲಿ ಸುಳಿ ಎದ್ದು ಕೊರೆತ ಪಕ್ಕದ ಹೊಲಕ್ಕೆ ದಾಟುತ್ತದೆ, ದಂಡೆ ಸವೆಯದಂತೆ ಮಾಡಿದ್ದರಿಂದ ಅದರಿಂದ ಸಿಗುತ್ತಿದ್ದ ಉಸುಕೂ ನಿಂತು ಕೆಳಗಿನ ಊರಿನ ಲೆಕ್ಕ ಇನ್ನಷ್ಟು ಕುಸಿಯುತ್ತದೆ. ಬಿಹಾರದಲ್ಲಿ 1950ರ ದಶಕದ ಆರಂಭದಲ್ಲಿ ಸುಮಾರು 160 ಕಿಲೋಮೀಟರ್ ಇದ್ದ ನೆರೆ ಒಡ್ಡುಗಳು ಮುಂದಿನ ದಶಕಗಳಲ್ಲಿ ಮೂರು ಸಾವಿರ ಕಿಲೋಮೀಟರ್ ಮೀರಿದವು. ಅದೇ ಅವಧಿಯಲ್ಲಿ ನೆರೆಪೀಡಿತ ಪ್ರದೇಶ 25 ಲಕ್ಷ ಹೆಕ್ಟೇರಿನಿಂದ 68 ಲಕ್ಷ ಹೆಕ್ಟೇರಿಗೆ ಏರಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಕೋಸಿಯ ಒಡ್ಡು ಒಡೆದಾಗ ನದಿ ತನ್ನ ಹಳೆಯ ದಾರಿಯನ್ನೇ ಹಿಡಿದು ಲಕ್ಷಾಂತರ ಜನರ ಮೇಲೆ ಹರಿಯಿತು. ಭೀಮೆ ಕೋಸಿಯಲ್ಲ, ಅದರ ಹೂಳಿನ ಹೊರೆಗೆ ಭೀಮೆಯದು ಯಾವ ಲೆಕ್ಕಕ್ಕೂ ಬಾರದು. ಕೋಸಿಯ ಕಷ್ಟ ಹೂಳು ಹೆಚ್ಚಾದದ್ದರಿಂದ, ನಮ್ಮದು ಉಸುಕು ಕಡಿಮೆಯಾದದ್ದರಿಂದ. ಆದರೆ ಹೂಳನ್ನು ಲೆಕ್ಕಕ್ಕೆ ಹಿಡಿಯದೆ ನೀರಿಗೆ ಮಾತ್ರ ಕಟ್ಟಿದ ಕಟ್ಟಡಕ್ಕೆ ಏನಾಗುತ್ತದೆ ಎಂಬುದು ಎರಡೂ ಕಡೆ ಒಂದೇ.

ಮೂರನೆಯ ಆಕ್ಷೇಪ ಎಂಜಿನಿಯರರಿಂದಲೇ ಬರುತ್ತದೆ. ಹೊಳೆಗೆ ಉಸುಕು ಹಾಕುವುದೆಂದರೆ ನೀರಿಗೆ ರೊಕ್ಕ ಎಸೆದಂತೆ, ಒಂದು ನೆರೆಗೆ ಹೋಗಿಬಿಡುತ್ತದೆ ಎಂದು. ಹೋಗುತ್ತದೆ, ಹೋಗಲೆಂದೇ ಹಾಕುವುದು. ಜರ್ಮನಿಯಲ್ಲಿ ರೈನ್ ನದಿಗೆ ಇಫೆಟ್ಸ್‌ಹೈಮ್ ಎಂಬಲ್ಲಿ ಕಟ್ಟೆ ಮುಗಿದದ್ದು 1977ರಲ್ಲಿ. ಅದರ ಕೆಳಗೆ ತಳ ಕೊರೆಯುವುದು ಖಚಿತವಿದ್ದುದರಿಂದ, ಇನ್ನೊಂದು ಕಟ್ಟೆ ಕಟ್ಟುವ ಬದಲು 1978ರಿಂದ ಪ್ರತಿ ವರ್ಷ ದೋಣಿಗಳಲ್ಲಿ ಜಲ್ಲಿ ಮತ್ತು ಮರಳು ತಂದು ನದಿಗೆ ಸುರಿಯುತ್ತಾರೆ, ವರ್ಷಕ್ಕೆ ಸರಾಸರಿ ಒಂದೂವರೆ ಲಕ್ಷ ಘನ ಮೀಟರಿಗೂ ಹೆಚ್ಚು. ನಾಲ್ಕು ದಶಕ ಮೀರಿ ಆ ಕೆಲಸ ನಡೆದಿದೆ. ಕಡಲಿನಲ್ಲಿ ಇದರ ದೊಡ್ಡಣ್ಣ 2011ರಲ್ಲಿ ನೆದರ್ಲೆಂಡ್ಸಿನ ತೀರದಲ್ಲಿ ಸುರಿದ 2.15 ಕೋಟಿ ಘನ ಮೀಟರ್ ಮರಳು. ಅದನ್ನು ಅಲೆ, ಗಾಳಿಗಳೇ ವರ್ಷಗಟ್ಟಲೆ ಹಂಚಿ ತೀರ ಮತ್ತು ದಿಬ್ಬಗಳನ್ನು ಬೆಳೆಸಲಿ ಎಂಬುದು ಅವರ ಎಣಿಕೆಯಾಗಿತ್ತು. ನಮಗೆ ದೋಣಿಯೂ ಬೇಡ, ಕೋಟಿ ಘನ ಮೀಟರೂ ಬೇಡ. ಬೇಸಿಗೆಯಲ್ಲಿ ಸೊನ್ನದ ಹಿಂಬದಿಯ ನೀರು ಇಳಿದಾಗ ಬಯಲಾಗುವ ಉಸುಕಿನ ಒಂದು ಪಾಲನ್ನು ಅದೇ ಟ್ರಾಕ್ಟರುಗಳಲ್ಲಿ, ಅದೇ ಕೂಲಿಕಾರರಿಂದ ಕಟ್ಟೆಯ ಕೆಳಗೆ ಕೊರೆತವಿರುವ ದಂಡೆಯ ಪಾದಕ್ಕೆ ಸಾಗಿಸಬಹುದು. ಉಸುಕು ಕದಿಯುವ ಕೆಲಸಕ್ಕೆ ಹೋಗುವವರಿಗೆ ಉಸುಕು ಹಾಕುವ ಕೆಲಸದಲ್ಲಿ ಕಾನೂನುಬದ್ಧ ಕೂಲಿ ಸಿಕ್ಕಿದರೆ ಪೊಲೀಸರ ಮೇಲಿನ ಹೊರೆಯೂ ಇಳಿಯುತ್ತದೆ. ಇದನ್ನು ಪ್ರಯೋಗವಾಗಿ ಒಂದೆರಡು ಕಿಲೋಮೀಟರಿನಲ್ಲಿ ಮಾಡಿ ನೋಡುವುದಕ್ಕೆ ದೊಡ್ಡ ಯೋಜನೆಯ ಅಗತ್ಯವಿಲ್ಲ.

ಉಸುಕು ಪಾದವನ್ನು ಕಾದರೆ ಮೇಲಿನ ಎರೆಮಣ್ಣನ್ನು ಬೇರು ಕಾಯಬೇಕು. ಇಲ್ಲಿ ರೈತರ ಒಂದು ಅಭ್ಯಾಸವನ್ನು ನೇರವಾಗಿ ಹೇಳಬೇಕಾಗುತ್ತದೆ. ಹೊಳೆಯ ಅಂಚಿನ ಕೊನೆಯ ಮಾರಿನವರೆಗೂ ಉತ್ತು ಕಬ್ಬು ಹಚ್ಚುವುದರಿಂದ ದಂಡೆಗೆ ವರ್ಷಪೂರ್ತಿ ನೀರು ಇಂಗುತ್ತದೆ, ತೂಕ ಏರುತ್ತದೆ, ಆದರೆ ಕಬ್ಬಿನ ಬೇರು ಕುಸಿತದ ಆಳಕ್ಕೆ ಇಳಿಯುವುದಿಲ್ಲ. ಲಾವಂಚದ ಬೇರು ಎರಡು ಮೂರು ಮೀಟರ್ ನೆಟ್ಟಗೆ ಇಳಿಯುತ್ತದೆ. ನಮ್ಮದೇ ಗುಂಡ್ಲುಪೇಟೆಯ ರೈತರು ತಲೆಮಾರುಗಳಿಂದ ಹೊಲದ ಬದುವಿಗೆ ಲಾವಂಚ ನೆಟ್ಟು ಮಣ್ಣು ಹಿಡಿದಿದ್ದಾರೆ, ವಿಶ್ವಬ್ಯಾಂಕಿನ ತಜ್ಞರು 1980ರ ದಶಕದಲ್ಲಿ ಈ ಪದ್ಧತಿಯನ್ನು ಬೇರೆ ದೇಶಗಳಲ್ಲೂ ಪ್ರಚಾರ ಮಾಡಿದರು. ಪಾದದ ಹತ್ತಿರ ಲಕ್ಕಿ, ಕಾಸೆ ಹುಲ್ಲು, ನಡುವೆ ಲಾವಂಚ, ಮೇಲೆ ಹೊಂಗೆ, ಬಿದಿರು. ಇದಕ್ಕೆ ಹತ್ತು ಹದಿನೈದು ಮೀಟರ್ ಪಟ್ಟಿ ಬಿಟ್ಟುಕೊಡಬೇಕು. ಎರಡೆಕರೆಯ ರೈತನಿಗೆ ಅದು ಸಣ್ಣ ತ್ಯಾಗವಲ್ಲ, ಬರಿಗೈಯಲ್ಲಿ ಅದನ್ನು ಕೇಳುವುದು ಸಲ್ಲದು. ಹೋದ ಹೊಲಕ್ಕೆ ಹೆಕ್ಟೇರಿಗೆ 47,000 ಕೊಡುವ ಸರಕಾರ, ಹೊಲ ಹೋಗದಂತೆ ಪಟ್ಟಿ ಬಿಟ್ಟವನಿಗೆ ವರ್ಷ ವರ್ಷ ಬಾಡಿಗೆ ಕೊಡಬೇಕು. ನೆದರ್ಲೆಂಡ್ಸಿನವರು ‘ನದಿಗೆ ಜಾಗ’ ಎಂಬ ಕಾರ್ಯಕ್ರಮದಲ್ಲಿ ನೈಮೇಖನ್ ನಗರದೆದುರು ಒಡ್ಡನ್ನೇ 350 ಮೀಟರ್ ಹಿಂದಕ್ಕೆ ಒಯ್ದರು, ಅಲ್ಲಿದ್ದ ಮನೆಗಳಿಗೆ ಹಣ ಕೊಟ್ಟು. ನಮ್ಮಲ್ಲಿ ಹಣದ ದಾರಿ ಪೂರ್ತಿ ಮುಚ್ಚಿಲ್ಲ. 15ನೆಯ ಹಣಕಾಸು ಆಯೋಗ 2021–26ರ ಅವಧಿಗೆ ಕೊರೆತ ತಡೆಯಲೆಂದೇ 1,500 ಕೋಟಿ, ಕೊರೆತದಿಂದ ನೆಲೆ ತಪ್ಪಿದವರ ಪುನರ್ವಸತಿಗೆ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತು. ಕಡಲ ಕೊರೆತವನ್ನೂ ಹೊಳೆಯ ಕೊರೆತವನ್ನೂ ಒಂದೇ ತಲೆಬರಹದಡಿ ತಂದದ್ದು ಆ ಆಯೋಗದ ದೊಡ್ಡ ಕೆಲಸ. ಉಳ್ಳಾಲಕ್ಕೆ ಸಲ್ಲುವ ನ್ಯಾಯ ಜೇವರ್ಗಿಗೂ ಸಲ್ಲಬೇಕೆಂದು ಕೇಳಲು ಈಗ ಆಧಾರವಿದೆ.

ಕೇಳುವಾಗ ಏನನ್ನು ಬರೆಸಿಕೊಳ್ಳಬೇಕು ಎಂಬುದೇ ಉಳಿದ ವಿಷಯ. ಈಗಿನ ಟೆಂಡರುಗಳು ಉದ್ದ, ಎತ್ತರ, ಕಲ್ಲಿನ ದರ ಹೇಳಿ, ಕೆಲಸ ಮುಗಿದ ದಿನ ಬಿಲ್ಲು ಕೇಳುತ್ತವೆ. ದಂಡೆಯ ಕೆಲಸಕ್ಕೆ ಎಂಜಿನಿಯರರನ್ನು ಗೊತ್ತುಮಾಡುವಾಗ ಕರಾರು ಐದು ಮಳೆಗಾಲದ್ದಾಗಿರಬೇಕು. ಸೊನ್ನದಿಂದ ಕಟ್ಟಿಸಂಗಾವಿಯವರೆಗೆ ಪ್ರತಿ ಅರ್ಧ ಕಿಲೋಮೀಟರಿಗೆ ಒಂದು ಕಲ್ಲು ನೆಟ್ಟು, ಅಲ್ಲಿಂದ ಹೊಳೆಯ ಅಡ್ಡಸೀಳಿಕೆಯನ್ನು ಪ್ರತಿ ಮೇ ಮತ್ತು ನವೆಂಬರಿನಲ್ಲಿ ಅಳೆಯಬೇಕು. ಸೊನ್ನದ ಗೇಟುಗಳನ್ನು ನೆರೆಯ ನಂತರ ಎಷ್ಟು ನಿಧಾನವಾಗಿ ಮುಚ್ಚಿದರೆ ಎರೆಮಣ್ಣಿನ ದಂಡೆ ನೀರು ಬಸಿದುಕೊಂಡು ನಿಲ್ಲುತ್ತದೆ ಎಂಬುದನ್ನು ಮಣ್ಣಿನೊಳಗಿನ ಒತ್ತಡ ಅಳೆದು ಹೇಳುವುದು ಆ ಎಂಜಿನಿಯರರ ಹೊಣೆಯಾಗಬೇಕು. ಆಳಂದದ ಹೊಲಗಳಲ್ಲಿ ಕಟ್ಟುವ ಬದು, ಒಡ್ಡುಗಳ ಖರ್ಚನ್ನೂ ಈ ಲೆಕ್ಕದ ಜೊತೆಗೇ ನೋಡಬೇಕು. ಅಲ್ಲಿ ನಿಲ್ಲಬೇಕಾದದ್ದು ಜೇಡಿ, ಹರಿದುಬರಬೇಕಾದದ್ದು ಹಳ್ಳದ ಒರಟು ಉಸುಕು. ಎರಡನ್ನೂ ಒಟ್ಟಿಗೆ ಕಟ್ಟಿಹಾಕುವ ಚೆಕ್‌ಡ್ಯಾಮಿಗೆ ತಳದಲ್ಲಿ ಉಸುಕು ಬಿಡುವ ಕಿಂಡಿ ಇರಬೇಕು. ಅಳತೆಯ ಪುಸ್ತಕ ಗ್ರಾಮ ಪಂಚಾಯಿತಿಯಲ್ಲಿ ಯಾರು ಕೇಳಿದರೂ ತೆರೆದು ತೋರಿಸುವಂತಿರಬೇಕು. ಮೇ ತಿಂಗಳಲ್ಲಿ ತನ್ನ ಹೊಲದೆದುರಿನ ಪಾದದಲ್ಲಿ ಎಷ್ಟು ಉಸುಕಿತ್ತು, ನವೆಂಬರಿನಲ್ಲಿ ಎಷ್ಟಾಯಿತು ಎಂಬುದನ್ನು ರೈತ ಅಲ್ಲೇ ಓದಿ, ಗುತ್ತಿಗೆದಾರನ ಮುಂದಿನ ಕಂತಿಗೆ ಗ್ರಾಮಸಭೆಯಲ್ಲಿ ಒಪ್ಪಿಗೆ ಕೊಡಲಿ ಅಥವಾ ತಡೆಹಿಡಿಯಲಿ.